ಪರವಾಗಿಲ್ಲಮ್ಮನ ವ್ಯಾನು

ನನ್ನ ನಾದಿನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಆದರೆ ಮನೆಯಲ್ಲಿ, ಬೀದಿಯಲ್ಲಿ, ಕೆಲಸದ ಜಾಗದಲ್ಲಿ ಎಲ್ಲರಿಗೂ ಅವಳು ಪರವಾಗಿಲ್ಲಮ್ಮ. ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಾಲು ಸೋತಾಗ, ನೋವಾಗುತ್ತದೆಯೇ ಎಂದು ಡಾಕ್ಟರು ಕೇಳಿದ್ದಕ್ಕೆ "ಪರವಾಗಿಲ್ಲ" ಎಂದಳಂತೆ. ಬಾಯಿಗೆ ಅಂಟಿದ ಆ ಮಾತು ಮತ್ತೆ ಬಿಡಲಿಲ್ಲ. ನಾನು ಮದುವೆಯಾಗಿ ಬಂದ ದಿನವೇ ನನ್ನ ಕಬ್ಬಿಣದ ಪೆಟ್ಟಿಗೆ ಅವಳ ಪಾದದ ಮೇಲೆ ಬಿತ್ತು. ಅದಕ್ಕೂ ಅದೇ ಉತ್ತರ. "ನೋಡಿ ಕಲಿ" ಎಂದರು ನನ್ನ ಅತ್ತೆ. ನನ್ನದು ಕೊಟ್ಟದ್ದಕ್ಕೆಲ್ಲ ಕೊಂಕು ತೆಗೆಯುವ ಬಾಯಿ ಎಂಬುದು ಆ ಸಂಜೆಗೇ ಮನೆಯಲ್ಲಿ ತೀರ್ಮಾನವಾಗಿಹೋಗಿತ್ತು.

ಅವಳ ಕಸುಬು ರಫೂ. ಕೋಟಿಗೆ ತೂತು ಬಿದ್ದರೆ ಅದೇ ಕೋಟಿನ ಒಳಮಡಿಕೆಯಿಂದ ಎಳೆ ಬಿಡಿಸಿ, ತೂತಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ನೇಯುತ್ತಾಳೆ. ಮುಗಿದ ಮೇಲೆ ತೂತು ಎಲ್ಲಿತ್ತೆಂದು ಕೋಟಿನ ಒಡೆಯನಿಗೂ ತಿಳಿಯದು. ಕೆಲಸವನ್ನೇ ಮಾಡಿಲ್ಲವೆಂದು ಜಗಳಕ್ಕೆ ಬಂದವರೂ ಇದ್ದಾರೆ. ಈ ಕೆಲಸಕ್ಕೆ ಹಗಲ ಬೆಳಕೇ ಬೇಕು. ಊರಿನ ಆಚೆ ತುದಿಯ ಹೊಲಿಗೆ ಅಂಗಡಿಯಲ್ಲಿ ಕಿಟಕಿಯ ಪಕ್ಕ ಇರುವುದು ಒಂದೇ ಮೇಜು, ಅದು ಅವಳದು. ವಯಸ್ಸಾಯಿತು, ದೀಪದ ಬೆಳಕಿನಲ್ಲಿ ಕರಿ ಬಟ್ಟೆಯ ಕರಿ ಎಳೆ ಅವಳಿಗೆ ಕಾಣುವುದಿಲ್ಲ. ಮೇಜು ಹೋದರೆ ಕಸುಬೂ ಹೋದಂತೆಯೇ.

ನಮ್ಮ ಯಜಮಾನರು ಇರುವವರೆಗೆ ತಂಗಿಯನ್ನು ತಾವೇ ಬಿಟ್ಟು ಬರುತ್ತಿದ್ದರು. ಅವರು ಹೋದ ಮೇಲೆ ಸಾರಿಗೆ ಕಚೇರಿಯ ವ್ಯಾನು ಬರತೊಡಗಿತು. ಅದರ ಹಿಂಬಾಗಿಲು ತೆರೆದರೆ ಇಳಿಜಾರು ಹಲಗೆ ನೆಲ ಮುಟ್ಟುತ್ತದೆ. ಗಾಲಿಕುರ್ಚಿಯಲ್ಲಿ ಕೂತ ಹಾಗೆಯೇ ಒಳಗೆ ಹೋಗಬಹುದು. ಎಲ್ಲ ಸರಿಯಾಗಿತ್ತು. ಸರಿಯಾಗಿದ್ದದ್ದನ್ನು ಇನ್ನೂ ಸರಿ ಮಾಡಲು ಕಚೇರಿಯವರು ಕೃತಕ ಬುದ್ಧಿಮತ್ತೆ ತಂದರು. ಯಾರಿಗೆ ಎಂಥ ಗಾಡಿ, ಯಾವ ದಾರಿ ಎಂಬುದನ್ನೆಲ್ಲ ಅದೇ ನಿರ್ಧರಿಸುವುದಂತೆ. ದಿನವೂ ಸಂಜೆ ಫೋನು ಮಾಡಿ ವಿಚಾರಿಸಿ, ನಾವು ಹೇಳಿದ್ದರಿಂದ ಕಲಿಯುವುದಂತೆ. ದನಿ ಹೆಂಗಸಿನದು, ಜೇನು ಸವರಿದಂತಿತ್ತು. ಫೋನಿನಮ್ಮ ಎಂದು ನಾವೇ ಹೆಸರಿಟ್ಟೆವು.

ಮೊದಲ ಸಂಜೆ ಫೋನಿನಮ್ಮ ಕೇಳಿದಳು: "ಇಳಿಜಾರು ಹಲಗೆ ಇರುವ ವ್ಯಾನು ನಿಮಗೆ ಬೇಕೇ ಬೇಕೇ?"

"ಇದ್ರೆ ಒಳ್ಳೇದು. ಇಲ್ದಿದ್ರೂ ಪರವಾಗಿಲ್ಲ," ಎಂದಳು ನಾದಿನಿ.

ಮರುದಿನ ಬಂದದ್ದು ಕಾರು. ಡ್ರೈವರು ಕುರ್ಚಿಯನ್ನು ಮಡಚಿ ಹಿಂದೆ ತುರುಕಿ, ಇವಳನ್ನು ಮೂಟೆಯಂತೆ ಎತ್ತಿ ಸೀಟಿಗೆ ಹಾಕಿದ. ಸಂಜೆ ಫೋನು ಬಂತು. ಕಾರು ಅನುಕೂಲವಾಯಿತೇ? "ಪರವಾಗಿಲ್ಲ." ಆಮೇಲೆ ಕಾರಿನಲ್ಲಿ ಇನ್ನೂ ನಾಲ್ಕು ಜನ ತುಂಬಿದರು. ಅವರವರ ಮನೆ ಸುತ್ತಿ ಅಂಗಡಿ ಸೇರುವಷ್ಟರಲ್ಲಿ ಕಿಟಕಿಯ ಬಿಸಿಲು ಗೋಡೆ ಏರಿರುತ್ತಿತ್ತು. ತಡವಾಯಿತೇ? "ಪರವಾಗಿಲ್ಲ."

ಪರವಾಗಿಲ್ಲ ಎನ್ನಲು ಅಂಗಡಿಯೊಡತಿಗೆ ಮಾತ್ರ ಆಗಲಿಲ್ಲ. "ಇನ್ನೂ ಹೀಗೇ ಆದ್ರೆ ಆ ಮೇಜನ್ನ ಗುಂಡಿ ಕಾಜ ಹೊಲಿಯೋಳಿಗೆ ಕೊಟ್ಬಿಡ್ತೀನಿ" ಎಂದಳಂತೆ.

ಡ್ರೈವರು ಒಳ್ಳೆಯ ಮನುಷ್ಯ. ಒಂದು ದಿನ ಬೆನ್ನು ಹಿಡಿದುಕೊಂಡೇ ಹೇಳಿದ: "ಅಮ್ಮಾ, ಆ ಯಂತ್ರ ಮುಖ ನೋಡಲ್ಲ. ಹೇಳಿದ್ದನ್ನ ಹೇಳಿದ ಹಾಗೇ ನಂಬುತ್ತೆ. ನಿಮ್ಮ ದಾಕ್ಷಿಣ್ಯಕ್ಕೆ ನನ್ನ ಸೊಂಟ ಹೋಗ್ತಾ ಇದೆ."

"ಪಾಪ, ಅಷ್ಟು ಮರ್ಯಾದೆಯಾಗಿ ಕೇಳುತ್ತಲ್ಲಪ್ಪಾ. ಹೇಗೆ ಬೈಯೋದು?"

ಮಾರನೆಯ ಬೆಳಿಗ್ಗೆ ಗಾಡಿಯೇ ಬರಲಿಲ್ಲ, ಫೋನು ಬಂತು. "ಅಭಿನಂದನೆಗಳು! ನಿಮ್ಮ ಓಡಾಟದಲ್ಲಿ ಬಹಳ ಸುಧಾರಣೆ ಕಂಡಿದೆ. ಇನ್ನು ಮುಂದೆ ನೀವು ಬಸ್ಸಿನಲ್ಲಿ ಹೋಗಬಹುದು. ನಿಲ್ದಾಣ ಹತ್ತಿರದಲ್ಲೇ ಇದೆ, ಸ್ವಲ್ಪ ನಡೆದರಾಯಿತು."

"ಅಷ್ಟು ಜನ ಡಾಕ್ಟರ ಕೈಲಿ ಆಗದ್ದು ಫೋನಿಂದ ಆಯ್ತಲ್ಲೇ! ಏಳು, ನಡಿ," ಎಂದೆ ನಾನು.

ಅವಳು ನಗಲಿಲ್ಲ. ಕಣ್ಣಲ್ಲಿ ನೀರಿತ್ತು. "ಮೇಜು ಹೋಯ್ತು ಅತ್ತಿಗೆ," ಎಂದಳು.

ನನಗೆ ತಡೆಯಲಾಗಲಿಲ್ಲ. "ಕೋಟಿಗೆ ರಫೂ ಹಾಕು, ಬಾಯಿಗೆ ಹಾಕ್ಕೋಬೇಡ. ಕೊಡಿಲ್ಲಿ," ಎಂದು ಫೋನು ಕಿತ್ತುಕೊಂಡೆ. ಅವಳ ಕಾಲು, ಸೊಂಟ, ಕೀರಲು ಚಕ್ರ, ರಾತ್ರಿ ಬಾರದ ನಿದ್ದೆ, ಕಾರಿನಲ್ಲಿ ಪಕ್ಕದವನ ಮೊಣಕೈ, ಇದ್ದದ್ದಕ್ಕೆ ಇಲ್ಲದ್ದನ್ನೂ ಸೇರಿಸಿ ಹೇಳಿದೆ. ಫೋನಿನಮ್ಮ ನಡುವೆ ಬಾಯಿ ಹಾಕಲಿಲ್ಲ. ಕಡೆಗೆ "ದಯವಿಟ್ಟು ಮುಂದುವರಿಸಿ" ಎಂದಳು. ಈ ಮನೆ ಹೊಕ್ಕ ಮೇಲೆ ಆ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಮುಂದುವರಿಸಿದೆ.

ಮಾರನೆಯ ದಿನ ಆಂಬುಲೆನ್ಸ್ ಬಂದು ನಿಂತಿತು. ಇಬ್ಬರು ಇಳಿದು ಸ್ಟ್ರೆಚರ್ ಹಾಸಿದರು. "ಕೂತ್ಕೊಂಡು ಹೋಗೋ ಹಾಗಿಲ್ಲಮ್ಮ. ಅಂಗಡಿಗೆ ಮಲಗಿಸಿಕೊಂಡೇ ಹೋಗಬೇಕು ಅಂತ ಆರ್ಡರ್ ಇದೆ." ಬೀದಿಯವರೆಲ್ಲ ಬಾಗಿಲಿಗೆ ಬಂದರು. ಎದುರುಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದೂ ಆಯಿತು. ಮಡಚಿದ ಕುರ್ಚಿ ಹಿಡಿದು ನಾನೂ ಹತ್ತಿದೆ. ಮಲಗಿದಲ್ಲಿಂದಲೇ ನಾದಿನಿ ನನ್ನನ್ನು ನೋಡಿದ ನೋಟವನ್ನು ಮಾತ್ರ ಬರೆಯಲಾರೆ.

ಅಂಗಡಿಯೊಳಗೆ ಸ್ಟ್ರೆಚರ್ ಬಂದದ್ದೇ ಹೊಲಿಗೆಯಂತ್ರಗಳೆಲ್ಲ ನಿಂತವು. ಕಿಟಕಿಯ ಮೇಜಿನಲ್ಲಿ ಆಗಲೇ ಕಾಜದವಳು ಕೂತಿದ್ದಳು.

"ಅಯ್ಯೋ, ಈ ಸ್ಥಿತೀಲಿ ಯಾಕೆ ಬಂದ್ರಿ? ಮನೇಲಿ ವಿಶ್ರಾಂತಿ ತಗೊಳ್ಳಿ. ಮೇಜನ್ನ ಇವಳು ನೋಡ್ಕೋತಾಳೆ," ಎಂದಳು ಒಡತಿ.

ಈಗ ಅವಳ 'ಪರವಾಗಿಲ್ಲ' ಬಂತು ಎಂದುಕೊಂಡೆ. ಬರಲಿಲ್ಲ. ನಾದಿನಿ ಮೊಣಕೈ ಊರಿ ಎದ್ದು ಕೂತಳು. "ನಂಗೇನೂ ಕಾಯಿಲೆ ಇಲ್ಲ. ಕಾಲು ಬರಲ್ಲ, ಅಷ್ಟೆ. ಅದು ಮೊದಲಿಂದ್ಲೂ ಬರಲ್ಲ. ಆ ಮೇಜು ನಂಗೆ ಬೇಕು."

ಒಡತಿ ಷರತ್ತು ಹಾಕಿದಳು. "ನಾಳೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಇಲ್ಲಿದ್ರೆ ನಿಮ್ದು. ಇಲ್ದಿದ್ರೆ ಅವಳದ್ದು."

ಸಂಜೆ ಫೋನು ಬಡಿದುಕೊಂಡಿತು. ನಾನು ಕೈ ಚಾಚಿದ್ದಕ್ಕೆ ನಾದಿನಿ "ನೀವು ದಯವಿಟ್ಟು ಒಳಗಿರಿ" ಎಂದಳು. ಬಾಗಿಲ ಹಿಂದೆ ನಿಂತೆ. ಅದೂ ಒಳಗೇ ಅಲ್ಲವೇ?

"ಇಂದಿನ ಪ್ರಯಾಣ ಹೇಗಿತ್ತು?"

ನಾದಿನಿ ಎಳೆ ಬಿಡಿಸುವಷ್ಟು ನಿಧಾನವಾಗಿ ಹೇಳಿದಳು: "ಚೆನ್ನಾಗಿರಲಿಲ್ಲ. ನಂಗೆ ನಡೆಯೋಕಾಗಲ್ಲ. ಮಲಗೋದೂ ಬೇಕಿಲ್ಲ. ಹಲಗೆ ಇರೋ ವ್ಯಾನೇ ಬೇಕು. ಅಂಗಡಿ ತೆಗೆಯೋಕೆ ಮುಂಚೆ ಅಲ್ಲಿರಬೇಕು. ದಿನಾ."

"ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು," ಎಂದಳು ಫೋನಿನಮ್ಮ.

ಬೆಳಿಗ್ಗೆ ಅದೇ ಹಳೆಯ ವ್ಯಾನು ಬಂತು. ಡ್ರೈವರು ಹಲಗೆ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಿದ್ದ. ಅಂಗಡಿಯೊಡತಿ ಬೀಗದ ಕೈ ಹುಡುಕುವಾಗ ಇವಳು ಬಾಗಿಲ ಬಳಿ ಕಾಯುತ್ತಿದ್ದಳಂತೆ. ಮೇಜು ಈಗಲೂ ಅವಳದೇ.

ಆ ಸಂಜೆ ಫೋನಿನಮ್ಮ ಕೇಳಿದಾಗ, "ವ್ಯಾನು ಸರಿ. ತಿರುವಿನಲ್ಲಿ ಕುರ್ಚಿ ಜಾರುತ್ತೆ, ಕೊಂಡಿ ಬಿಗಿ ಮಾಡ್ಸಿ" ಎಂದಳು. ಎರಡೇ ದಿನದಲ್ಲಿ ಹೊಸ ಕೊಂಡಿ ಬಂತು. ಯಂತ್ರ ಕಲಿಯಿತು, ಒಪ್ಪಿದೆ. ಆದರೆ ಬಾಯಿ ಬಿಟ್ಟು ಹೇಳುವ ರುಚಿ ಕಂಡವಳು ಅಲ್ಲಿಗೇ ನಿಲ್ಲಿಸಲಿಲ್ಲ. ಕೊಂಡಿ ಬಂದ ರಾತ್ರಿಯೇ ತಟ್ಟೆ ಮುಂದಿಟ್ಟುಕೊಂಡು ತಲೆಯೆತ್ತಿದಳು.

"ಅತ್ತಿಗೆ, ನೀವು ಮದುವೆಯಾಗಿ ಬಂದಾಗಿಂದ ಹೇಳಬೇಕು ಅಂತಿದ್ದೆ. ನಿಮ್ಮ ಕೈ ಉಪ್ಪಿಗೆ ಸ್ವಲ್ಪ ಧಾರಾಳ."

"ಇಷ್ಟು ವರ್ಷ ತಿಂದ್ಯಲ್ಲೇ!"

"ತಿಂದೆ. ಚೆನ್ನಾಗಿರಲಿಲ್ಲ."

ಈಗ ಉಪ್ಪು ಕಡಿಮೆ ಹಾಕುತ್ತೇನೆ. ನನ್ನ ಬಾಯಿಗೆ ಅದು ಸಪ್ಪೆ. ಕೇಳಿದವರಿಗೆ ಪರವಾಗಿಲ್ಲ ಎನ್ನುತ್ತೇನೆ.