ಹನ್ನೆರಡು ಎತ್ತಿನ ಫೋಟೋ

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದೆ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಹಿನಾಕೌಸರ ಮೂರು ವರ್ಷ ಕೂತಿದ್ದಳು. ಅದು ಇಂಟರ್‌ನೆಟ್ ಸೆಂಟರು. ಆರು ಕಂಪ್ಯೂಟರು, ಆರಕ್ಕೂ ಸೇರಿ ಒಂದೇ ಫೋನ್ ಲೈನು. ಬೆಳಿಗ್ಗೆ ಶಟರ್ ಎತ್ತಿ ಒಳಗೆ ಹೋದರೆ ಹೊರಗೆ ಮಳೆ ಬಂದದ್ದು ಅವಳಿಗೆ ತಿಳಿಯುತ್ತಿದ್ದುದು ಗಿರಾಕಿಗಳ ಒದ್ದೆ ಚಪ್ಪಲಿ ನೋಡಿದಾಗಲೇ. ಮಾಲೀಕ ಮಹಾದೇವ ಮೊದಲ ದಿನವೇ ಹೇಳಿದ್ದ: “ಕುಂತ ಗಿರಾಕೀನ ಎಬ್ಬಿಸಬ್ಯಾಡ. ಅವರ ಕೆಲಸಕ್ಕ ಕೈ ಹಚ್ಚಬ್ಯಾಡ.”

“ಯಾಕ ಇಷ್ಟ ತಡಾ?” ಎಂದು ಬಂದವರೆಲ್ಲ ತೆರೆಯದ ಪುಟ ನೋಡುತ್ತ ಕೇಳುತ್ತಿದ್ದರು. ಅದಕ್ಕೆ ಉತ್ತರ ಅವಳಿಗೆ ಸಿಕ್ಕಿದ್ದು ಹತ್ತಿ ಸಾಗಿಸುವ ಟೆಂಪೋ ಓಡಿಸುತ್ತಿದ್ದ ತಂದೆ ಬುರಾನಸಾಬನಿಂದ.

“ಮುನವಳ್ಳಿಯಿಂದ ತಾಸಿನ ದಾರಿ. ಮುಂಜಾನೆ ಹೋದಾಂವ ಸಂಜಿಗೆ ಬರತೀ ಅಲ್ಲ ಅಬ್ಬಾ?” ಎಂದು ಒಮ್ಮೆ ಛೇಡಿಸಿದ್ದಳು.

“ದಾರಿ ತಾಸಿಂದ ಬೇಟಿ. ಹತ್ತಿ ಅಂಡಿಗಿ ಹೇರಾಕ ಎರಡ ತಾಸು. ಮಾರ್ಕೆಟ್ ಗೇಟಿನ್ಯಾಗ ಪಾಳಿ, ಅದಕ್ಕ ಹೊತ್ತು ಗೊತ್ತಿಲ್ಲ. ಒಳಗ ಹೋದರ ಚೀಟಿ ನೋಡಾಂವ ಮೊದಲ ಚಸ್ಮಾ ಹುಡುಕಬೇಕು!”

ಅವಳು ನಕ್ಕಳು, ಆಮೇಲೆ ಬೆರಳು ಮಡಿಚಿ ಎಣಿಸಿದಳು. ತನ್ನ ಲೈನಿನಲ್ಲೂ ಇವೇ ನಾಲ್ಕು. ತಂತಿಯ ದೂರಕ್ಕೆ ತಗಲುವ ಹೊತ್ತು ಕಣ್ಣು ಮಿಟುಕಿಸುವಷ್ಟೂ ಇಲ್ಲ. ಹೇರು ದೊಡ್ಡದಾದಷ್ಟೂ ತಂತಿಗೆ ಏರಿಸುವ ಹೊತ್ತು ಹೆಚ್ಚು. ಆರು ಜನರದ್ದೂ ಒಂದೇ ಬಾಗಿಲಿಗೆ ಬಂದರೆ ಪಾಳಿ. ಆಚೆ ತುದಿಯ ಕಂಪ್ಯೂಟರು ಬಂದದ್ದನ್ನು ಬಿಚ್ಚಿ ನೋಡಿ ಉತ್ತರ ಕೊಡಲು ಇನ್ನಷ್ಟು.

ಇದನ್ನೇ ಸರಿಯಾಗಿ ಕಲಿಯುವ ಆಸೆ ಹುಟ್ಟಿತು. ೨೦೦೬ರಲ್ಲಿ ಹುಬ್ಬಳ್ಳಿಯ ಒಂದು ಸಂಸ್ಥೆ ಆರು ತಿಂಗಳ ನೆಟ್‌ವರ್ಕ್ ತರಬೇತಿಗೆ ಇಂಟರ್‌ನೆಟ್‌ನಲ್ಲೇ ಅರ್ಜಿ ಕರೆಯಿತು. ಹಾಸ್ಟೆಲೂ ಇತ್ತು. ತಿಂಗಳುಗಟ್ಟಲೆ ಕೇಳಿದ ಮೇಲೆ ಬುರಾನಸಾಬ, “ಈ ಸಲ ಸಿಕ್ಕರ ಹೋಗು. ಇಲ್ಲಂದರ ಮುಂದಿನ ವರ್ಷ ನಿಕಾಹ್” ಎಂದಿದ್ದ.

ಕಡೆಯ ದಿನ ಸಂಜೆ ಐದಕ್ಕೆ ಅವಧಿ ಮುಗಿಯುವುದಿತ್ತು. ಬೆಳಿಗ್ಗೆ ಹೋದ ಕರೆಂಟು ಬಂದದ್ದು ನಾಲ್ಕಕ್ಕೆ. ಅವಳು ಅರ್ಜಿ ತುಂಬಿ, ತನ್ನ ಫೋಟೋವನ್ನು ಚಿಕ್ಕದು ಮಾಡಿ ಸೇರಿಸಿ, ಗುಂಡಿ ಒತ್ತಿದಾಗ ನಾಲ್ಕೂ ಇಪ್ಪತ್ತು. ಪುಟ ಅಲುಗಲಿಲ್ಲ. ಮತ್ತೆ ಒತ್ತಿದಳು. ಇಲ್ಲ.

ತಿರುಗಿ ನೋಡಿದಳು. ಮೂರನೆಯ ಕಂಪ್ಯೂಟರಿನ ಮುಂದೆ ಮಡಿವಾಳೆಪ್ಪ ಕೂತಿದ್ದರು. ಎತ್ತು ಸಾಕುವುದರಲ್ಲಿ ಹೆಸರಾದ ರೈತ, ವಯಸ್ಸು ಅರವತ್ತೈದು. ಅಳಿಯನ ಕ್ಯಾಮೆರಾದಲ್ಲಿ ತೆಗೆಸಿದ ಎತ್ತುಗಳ ಹನ್ನೆರಡು ಫೋಟೋಗಳನ್ನು, ಇದ್ದ ಗಾತ್ರದಲ್ಲೇ, ಸಾಂಗಲಿಯ ಗೆಳೆಯನಿಗೆ ಕಳಿಸುತ್ತಿದ್ದರು. ಬಾಗಿಲ ತುಂಬ ಅವರ ಎತ್ತುಗಳೇ.

ಏಳಿ ಎನ್ನಬೇಕು. ಎದ್ದು ಹೋಗಿ ಅವರ ಕುರ್ಚಿಯ ಹಿಂದೆ ನಿಂತಳು. ಮಹಾದೇವನ ಮಾತು ನೆನಪಾಯಿತು. ಫ್ಯಾನಿನ ಗಾಳಿ ಸರಿಮಾಡುವವಳಂತೆ ಮಾಡಿ ವಾಪಸಾದಳು. ನಾಲ್ಕೂವರೆ. ನಾಲ್ಕೂ ನಲವತ್ತು. ಗೋಡೆಗಳು ಹತ್ತಿರ ಬಂದಂತಾಯಿತು. ನಾಲ್ಕೂ ಐವತ್ತೆರಡಕ್ಕೆ ದನಿ ತಾನಾಗಿ ಹೊರಬಿತ್ತು.

“ಕಾಕಾರ, ನಿಮ್ಮ ಎತ್ತು ಗೇಟಿನ್ಯಾಗ ನಿಂತಾವ್ರಿ. ನನ್ನ ಅರ್ಜಿ ಹಿಂದ ಸಿಕ್ಕೊಂಡೈತಿ. ಐದರ ಒಳಗ ಮುಟ್ಟಬೇಕ್ರಿ.”

“ಅಯ್ಯ ನಿನ್ನ! ಆಗಲೇ ಹೇಳಬಾರದೇನ ಮಗಳ? ನಾ ಏನ್ ನಿನ್ನ ತಿಂತಿದ್ನೇನ? ನಿಲ್ಲಸು, ನಿಲ್ಲಸು.”

ಫೋಟೋ ಕಳಿಸುವುದನ್ನು ನಿಲ್ಲಿಸಿ, ಓಡಿ ಬಂದು ಗುಂಡಿ ಒತ್ತಿದಳು. ಈಗ ಲೈನು ಖಾಲಿ. ಪುಟ ಮಾತ್ರ ಬೆಳ್ಳಗೇ ಉಳಿಯಿತು. ಕಡೆಯ ಗಳಿಗೆಗೆ ಕಾದವರೆಲ್ಲ ಈಗ ಆ ತುದಿಯಲ್ಲಿ ಸಾಲಾಗಿ ನಿಂತಿದ್ದಾರೆಂದು ಅವಳಿಗೆ ಹೊಳೆಯಿತು. ಆ ಪಾಳಿಗೆ ಅವಳ ಕೈ ಎಟಕುತ್ತಿರಲಿಲ್ಲ. ಐದೂ ಎರಡಕ್ಕೆ ಪುಟ ತೆರೆದುಕೊಂಡಿತು: ಅವಧಿ ಮುಗಿದಿದೆ.

“ಹೋತೇನವಾ?” ಮಡಿವಾಳೆಪ್ಪ ಕೇಳಿದರು.

“ಇಲ್ರಿ. ಬರ್ರಿ, ನಿಮ್ಮವನ್ನ ಕಳಸೂಣು.”

ಮಹಾದೇವನ ಮಾತು ಮೀರಿ ಅವರ ಕೆಲಸಕ್ಕೆ ಕೈ ಹಚ್ಚಿದಳು. ತನ್ನ ಫೋಟೋಗೆ ಮಾಡಿದ ಹಾಗೆಯೇ ಹನ್ನೆರಡನ್ನೂ ಚಿಕ್ಕದು ಮಾಡಿ, ಕಳಿಸಿ, ಗಡಿಯಾರ ನೋಡಿದಳು. ಎತ್ತುಗಳು ದಾಟಲು ಹಿಡಿದದ್ದು ಮೂರೇ ನಿಮಿಷ.

“ಅರೆ, ಇಷ್ಟ ಲಗೂ!” ಎಂದು ಮುದುಕರು ಬೆರಗಾದರು. ಅವಳು ನಾಲ್ಕೂ ಇಪ್ಪತ್ತಕ್ಕೆ ಮೂರು ನಿಮಿಷ ಕೂಡಿಸಿ ನೋಡಿದಳು. ಮುಂದಿನ ಗಿರಾಕಿ ಬಂದು ಖಾಲಿ ಕುರ್ಚಿ ಎಳೆದು ಕೂತ.