ಶಿವಮ್ಮನವರ ಅಟ್ಟಕ್ಕೆ ಹಾಕಿದ ಅಣಬೆ ಹಲಗೆ

2022ರಲ್ಲಿ ನಾನು ತಿಪಟೂರಿನ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಎಂಜಿನಿಯರ್ ಆಗಿದ್ದೆ. ಅಲ್ಲಿ ತೆಂಗಿನ ನಾರಿನ ಪುಡಿಯಲ್ಲಿ ಅಣಬೆ ಬೆಳೆಸುತ್ತಿದ್ದೆವು. ಅಣಬೆಯ ಬೇರಿನಂಥ ಬಿಳಿ ಎಳೆಗಳು, ಅಂದರೆ ಮೈಸೀಲಿಯಂ, ಪುಡಿಯನ್ನೆಲ್ಲ ಹೆಣೆದುಕೊಂಡ ಮೇಲೆ ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಮರದ ಬದಲಿಗೆ ಬಳಸಬಹುದಾದ ಹಲಗೆ ಸಿಗುತ್ತಿತ್ತು. ಬೀಗ ಹಾಕಿ ಮೂರು ಸಲ ಎಳೆದು ನೋಡುವ ನನ್ನಂಥವನಿಗೆ ಹೇಳಿ ಮಾಡಿಸಿದ ಕೆಲಸ.

ಹಾಲ್ಕುರಿಕೆ ಕಡೆಯ ಶಿವಮ್ಮನವರ ಮನೆಯಲ್ಲಿ ತೆಂಗಿನಕಾಯಿ ಒಣಗಿಸುವ ಕೊಬ್ಬರಿ ಅಟ್ಟಕ್ಕೆ ಗೆದ್ದಲು ಹಿಡಿದಿತ್ತು. ಹಿತ್ತಲಿನ ಹಲಸಿನ ಮರ ಕುಯ್ಸಿ ಹೊಸ ಅಟ್ಟ ಹಾಕಿಸಬೇಕೆಂದು ಅವರ ಮೈದುನ ಬಸಣ್ಣ ಹಟ ಹಿಡಿದಿದ್ದರು. ಅದು ಶಿವಮ್ಮನವರ ಮಗಳು ಶಾಲೆಗೆ ಹೋಗುವಾಗ ನೆಟ್ಟ ಮರ. ಆ ಮಗಳು ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ನಮ್ಮ ಹಲಗೆಯ ಸುದ್ದಿ ಕೇಳಿ ಶಿವಮ್ಮ ಮೈದುನನನ್ನೂ ಕರೆದುಕೊಂಡು ಕಾರ್ಖಾನೆಗೆ ಬಂದರು.

"ನಾಯಿಕೊಡೆ ಮ್ಯಾಲೆ ಕಾಯಿ ಸುರೀತೀಯಾ ಅತ್ಗೆ?" ಬಸಣ್ಣ ನಕ್ಕರು.

"ಸುರೀತೀನಿ ಕಣಪ್ಪ. ಕಾಯಿ ಕೆಟ್ರೆ ಮರ ಕುಯ್ಸು, ನಾನು ಅಡ್ಡ ಬರಲ್ಲ."

ಆ ಮಾತು ಕೇಳಿದ ಮೇಲೆ ನನಗೆ ಹದಿನೈದು ದಿನ ಊಟ ಸೇರಲಿಲ್ಲ. ಹಲಗೆಯ ಮೇಲೆ ಮರಳಿನ ಮೂಟೆ ಹೇರಿದೆ, ನೀರಿನಲ್ಲಿ ನೆನೆಸಿದೆ, ಗೆದ್ದಲಿನ ಹುತ್ತದ ಪಕ್ಕ ಇಟ್ಟು ಕಾದೆ. "ಇನ್ನು ನೀವೇ ಹತ್ತಿ ಮಲಗೋದೊಂದು ಬಾಕಿ" ಎಂದಳು ಹೆಂಡತಿ. ಅದೂ ಆಗಿತ್ತು, ಅವಳಿಗೆ ಹೇಳಿರಲಿಲ್ಲ.

ಹಲಗೆ ಕೂರಿಸುವ ದಿನ ಶಿವಮ್ಮ ಕೆಳಗೆ ನಿಂತು ಕೇಳಿದರು: "ಸಂದು ಬುಡಲ್ವಾ ಸಾ? ಹಳೇದ್ರಾಗೆ ಬೆರಳು ತೂರೋವಷ್ಟು ಇತ್ತು."

"ಸಂದಿಲ್ಲದಿರೋದೇ ಇದರ ಹೆಚ್ಚುಗಾರಿಕೆ ಅಮ್ಮಾ" ಎಂದು ಸ್ಕ್ರೂ ತಿರುಗಿಸುತ್ತಲೇ ಹೇಳಿದೆ. ಓದಿದವರು ಹೇಳಿದರಲ್ಲ ಎಂದು ಒಪ್ಪಿಕೊಂಡರು.

ಅಟ್ಟಕ್ಕೆ ಹಾಕಿದ ಕಾಯಿಯ ನೀರು ಇಂಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ಅಷ್ಟೂ ದಿನ ಆ ಸಂದುಗಳಿಂದಲೇ ಗಾಳಿ ಆಡಬೇಕು. ಹಲಗೆಗೆ ಏನಾದೀತೋ ಎಂದು ಒದ್ದಾಡಿದ ನನಗೆ ಕಾಯಿಗೆ ಏನಾದೀತು ಎಂಬ ಚಿಂತೆ ಒಮ್ಮೆಯೂ ಬಂದಿರಲಿಲ್ಲ.

ಮಳೆಗಾಲ ಮುಗಿಯುವಾಗ ಬಸಣ್ಣ ಕರೆಸಿದರು. ಅಟ್ಟ ಹತ್ತುವ ಮೊದಲೇ ಕಮಟು ವಾಸನೆ. ತಳದ ಕಾಯಿಗಳನ್ನು ಒಡೆದರೆ ಒಳಗೆಲ್ಲ ಕಪ್ಪಗೆ ಕೊಳೆತಿತ್ತು. ಹಲಗೆ ಮಾತ್ರ ಕೂದಲೆಳೆಯಷ್ಟೂ ಬಾಗಿರಲಿಲ್ಲ.

"ಇವನ್ನೇ ಬಿಚ್ಚಿ, ಸಂದು ಬಿಟ್ಟು ಹಾಕಿಕೊಡ್ತೀನಿ" ಎಂದೆ. ಬಸಣ್ಣ ಬೈಯಲಿಲ್ಲ, ಅತ್ತಿಗೆಯ ಮುಖ ನೋಡಿದರು.

"ಬ್ಯಾಡಿ ಸಾ, ಮಾತ್ ಕೊಟ್ಟಿದ್ದೆ" ಎಂದ ಶಿವಮ್ಮ ಮೈದುನನ ಕಡೆ ತಿರುಗಿ, "ಕುಯ್ಸು ಕಣಪ್ಪ" ಎಂದರು.

ಸಂಕ್ರಾಂತಿ ಕಳೆದ ಮೇಲೆ ಮರ ಕುಯ್ದರು. ನಾನೂ ಹೋಗಿ ನಿಂತಿದ್ದೆ. ಗರಗಸ ಇಡುವ ಮುನ್ನ ಶಿವಮ್ಮ ಬಂದು, ಕಾಂಡದಲ್ಲಿ ಬಿಟ್ಟಿದ್ದ ಎರಡು ಎಳೆಗಾಯಿ ಕಿತ್ತು ಮಡಿಲಿಗೆ ಹಾಕಿಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಈಗ ಕೆಲಸದ ನಡುವೆ ಯಾರೇ ಏನು ಕೇಳಿದರೂ ಕೈಯಲ್ಲಿರುವುದನ್ನು ಕೆಳಗಿಟ್ಟು, "ಯಾಕೆ ಕೇಳಿದಿರಿ?" ಎನ್ನುತ್ತೇನೆ. ಇಷ್ಟು ಕಲಿಯಲು ನನಗೆ ಒಂದು ಮರ ಬೇಕಾಯಿತು. ಅದೂ ನನ್ನದಲ್ಲ.