ಬಟ್ಟೆಯ ಬಿಳಿ ಮೈ

ನನ್ನ ಸೊಸೆ ಬಸವರಾಜೇಶ್ವರಿ ರಾಯದುರ್ಗದ ಜೀನ್ಸ್ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಜೇಬು ಹೊಲಿದವಳು. ನೀಲಿ ಧೂಳಿಗೆ ಅವಳ ಎದೆ ಕಟ್ಟತೊಡಗಿತು. "ಗಂಡನ ಆಟೋ ನೀನೇ ಓಡಿಸವ್ವ, ಬಳ್ಳಾರಿಗೆ ಮಾಲು ಒಯ್ಯೋ ಕೆಲಸ ಕೊಡ್ತೀನಿ" ಎಂದರು ಮಾಲೀಕರು. ಅದಕ್ಕೆ ಮೊದಲು ಎಲ್‌ಎಲ್‌ಆರ್, ಅಂದರೆ ಗಾಡಿ ಕಲಿಯುವವರ ಲೈಸೆನ್ಸಿನ ಪರೀಕ್ಷೆ ಪಾಸಾಗಬೇಕಿತ್ತು.

ಅವಳ ಗಂಡ, ನನ್ನ ಮಗ ತಿಪ್ಪೇರುದ್ರಪ್ಪ, ಅದೇ ಆಟೋದಲ್ಲಿ ತೀರಿಕೊಂಡು ಮೂರು ವರ್ಷ. ಮಂಜು ಕವಿದ ಬೆಳಗ್ಗೆ, ಎಡಕ್ಕೆ ಹೊರಳುವ ರಸ್ತೆಯಲ್ಲಿ ಗಾಡಿಯನ್ನು ಬಲಕ್ಕೆ ತಿರುಗಿಸಿದ್ದ. ನಿದ್ದೆ ಬಂದಿರಬೇಕು ಎಂದರು ಎಲ್ಲರೂ.

ಅವನೂ ಮೊದಲು ಹೊಲಿಗೆಯವನೇ. ತನ್ನ ಪರೀಕ್ಷೆಗೆ ಓದುವಾಗ ಅಂಗೈಯಗಲದ ಜೀನ್ಸ್ ತುಂಡುಗಳ ಮೇಲೆ ರಸ್ತೆಯ ಗುರುತುಗಳನ್ನು ಕಿತ್ತಳೆ ದಾರದಲ್ಲಿ ಹೊಲಿದಿದ್ದ. ಮೂವತ್ತೆರಡು ತುಂಡು. ಗುರುತುಗಳ ಅರ್ಥ ಗೊತ್ತಿಲ್ಲದ ನಾನು ಒಂದೊಂದೇ ಎತ್ತಿ ಹಿಡಿಯುತ್ತಿದ್ದೆ, ಅವನು ಹೇಳುತ್ತಿದ್ದ. ಕಟ್ಟಿಟ್ಟಿದ್ದ ಆ ತುಂಡುಗಳ ಗಂಟನ್ನು ಸೊಸೆಗಾಗಿ ಬಿಚ್ಚಿದೆ.

"ಟೀಚರಮ್ಮನ ಗತ್ತು ನೋಡ್ರಿ! ಬೆತ್ತ ಒಂದು ಕಡಿಮಿ ಐತಿ ಅತ್ತೀ."

"ಸಾಕು, ಇದೇನು ಹೇಳು."

"ಬಲ ತಿರುವು."

ಪುಸ್ತಕ ತೆಗೆದು, ತುಂಡನ್ನು ಮಗುಚಿ ಹೋಲಿಸಿ ನೋಡಿದಳು. ನಗು ನಿಂತಿತು. "ಅಲ್ರಿ ಅತ್ತೀ, ಇದು ಎಡ ತಿರುವು. ನೀವು ಒಳಮೈ ತೋರ್ಸಾಕ ಹತ್ತೀರಿ."

ಜೀನ್ಸಿನ ಹೊರಮೈ ನೀಲಿ, ಒಳಮೈ ಬಿಳಿ. ಹೊಲಿಗೆ ಎರಡೂ ಕಡೆ ಕಾಣುತ್ತದೆ, ಆದರೆ ಒಳಗಿನಿಂದ ನೋಡಿದರೆ ಎಡ ಹೋಗಿ ಬಲವಾಗುತ್ತದೆ. ದಿನವಿಡೀ ಒಳಮೈ ನೋಡಿಯೇ ಹೊಲಿಯುವ ಅವಳಿಗೂ ಅದು ಮೊದಲು ಹೊಳೆಯಲಿಲ್ಲ. ನೀಲಿ ಬಣ್ಣ ಕಣ್ಣಿಗೆ ಚೆಂದವೆಂದು ನಾನು ಯಾವಾಗಲೂ ಅದನ್ನು ನನ್ನ ಕಡೆಗೇ ಹಿಡಿಯುತ್ತಿದ್ದೆ.

"ಅವನಿಗೂ ಹಿಂಗ ಹಿಡಿದಿದ್ನೇನವ್ವ?"

"ಆರು ವರ್ಷ ಅದೇ ದಾರಿಗೆ ಓಡಿಸ್ದೋರು, ಬೋರ್ಡ್ ನೋಡಿ ತಿರುಗಿಸ್ತಿದ್ರೇನ್ರಿ? ಹಿಡೀರಿ, ನೀಲಿ ನನ್ನ ಕಡಿಗೆ."

ಹಿಡಿದೆ. ಆದರೆ ಆ ಮಂಜಿನಲ್ಲಿ ರಸ್ತೆ ಕಾಣದೆ ಬೋರ್ಡ್ ಒಂದೇ ಕಂಡಿದ್ದರೆ? ಪರೀಕ್ಷೆಗೆ ಉಳಿದಿದ್ದ ಒಂಬತ್ತು ದಿನವೂ, ಪ್ರತಿ ತುಂಡು ಎತ್ತುವಾಗಲೂ, ಎದುರಿಗೆ ಕೂತು ಅವನೇ ಉತ್ತರ ಹೇಳಿದಂತಾಗುತ್ತಿತ್ತು.

ಹತ್ತನೆಯ ದಿನ ಪರೀಕ್ಷೆ. ಸಂಜೆ ಸೊಸೆ ಮಂಡಕ್ಕಿ ಪೊಟ್ಟಣ ಹಿಡಿದು ಬಂದಳು. "ಪಾಸಾದೆ ಅತ್ತೀ. ಇಪ್ಪತ್ತಕ್ಕ ಹತ್ತೊಂಬತ್ತು."

"ಯಾವುದು ತಪ್ಪಿತು?"

ಅವಳು ಪೊಟ್ಟಣದ ದಾರ ಬಿಚ್ಚುತ್ತಾ ಕೂತಳು. "ಎಡ ತಿರುವು. ಗೊತ್ತಿತ್ರಿ. ಕಂಪ್ಯೂಟರ್‌ದಾಗ ಒತ್ತುವಾಗ ಬೆರಳು ತಾನಾಗೇ ಬಲಕ್ಕ ಹೋತು."

ತಿಪ್ಪೇರುದ್ರಪ್ಪನೂ ತನ್ನ ಪರೀಕ್ಷೆಯ ದಿನ ಹತ್ತೊಂಬತ್ತು ಎನ್ನುತ್ತಲೇ ಒಳಗೆ ಬಂದಿದ್ದ. ಯಾವುದು ತಪ್ಪಿತೆಂದು ಅವನನ್ನು ನಾನು ಕೇಳಿರಲಿಲ್ಲ.

ಮರುದಿನ ಆಟೋಗೆ ಕೆಂಪು ಬಣ್ಣದಲ್ಲಿ ಎಲ್ ಅಕ್ಷರ ಬರೆದರು. ಕಲಿಸಲು ಪಕ್ಕದ ಮನೆಯ ಡ್ರೈವರ್ ಬೋರಣ್ಣ ಬಂದು ಕೂತ. ಎಡ ತಿರುವಿನ ತುಂಡಿನಿಂದ ಕಿತ್ತಳೆ ದಾರ ಬಿಚ್ಚಿ ಅವಳ ಎಡಗೈಗೆ ಕಟ್ಟಿದೆ.

"ನಾನೇನು ಸಣ್ಣ ಕೂಸೇನ್ರಿ?"

"ಕಟ್ಟಿಸ್ಕೊ."

ನಮ್ಮ ಓಣಿ ತುದಿಯಲ್ಲಿ ಎಡಕ್ಕೆ ಹೊರಳುತ್ತದೆ. ಆಟೋ ಅಲ್ಲಿಗೆ ಹೋಗಿ ನಿಂತಿತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವಳ ಎಡಗೈ ಹೊರಗೆ ಬಂತು, ದಾರ ಕಂಡಿತು. ಆಟೋ ಎಡಕ್ಕೆ ಹೋಯಿತು.

ಹೊಲಿಗೆ ಬಿಚ್ಚಿದ ತುಂಡು ನನ್ನ ಹತ್ತಿರವೇ ಇದೆ. ದಾರವಿಲ್ಲದಿದ್ದರೂ ಸೂಜಿಯ ತೂತುಗಳು ಎರಡೂ ಮೈಯಲ್ಲಿ ಕಾಣುತ್ತವೆ.